ಕೊಯ್ಲಿನ ಕಾಲದ ಭಾನುವಾರ ಮತ್ತು ವಿಶ್ರಾಂತಿ: ಬಲ್ಲವರು ದಯವಿಟ್ಟು ತಿಳಿಸಿ

ಸಿದ್ದಾಪುರದ ಶಿಕ್ಷಕಿ:

ಎಲ್ಲರಿಗೂ ಪ್ರಭುವಿನಲ್ಲಿ ವಂದನೆಗಳು. ಬಹಳ ಕಾಲದಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ವಿಷಯವನ್ನು ಇಲ್ಲಿನ ಹಿರಿಯರ ಮುಂದೆ ಇಡುತ್ತಿದ್ದೇನೆ. ನಾನು ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮ ಯಜಮಾನರು ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕಪತ್ರ ನೋಡಿಕೊಳ್ಳುವವರು) ಆಗಿದ್ದಾರೆ. ಅದರ ಜೊತೆಗೆ ನಮ್ಮದೇ ಆದ ಸ್ವಲ್ಪ ರೊಬಸ್ಟಾ ಕಾಫಿ, ಅದರ ನಡುವೆ ಮೆಣಸಿನ ಬಳ್ಳಿಗಳಿವೆ. ಹಣ್ಣಿನ ಕೊಯ್ಲು ಆರಂಭವಾಯಿತೆಂದರೆ ಮಾರ್ಚ್ ತಿಂಗಳವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಕುಳಿತು ಮಾತನಾಡುವಷ್ಟು ಬಿಡುವು ಸಿಗುವುದಿಲ್ಲ. ಶಾಲೆಯಿಂದ ಬಂದವಳು ನೇರವಾಗಿ ಕಣಕ್ಕೆ ಹೋಗಬೇಕು; ಅಲ್ಲಿಂದ ಬಂದರೆ ಅಡುಗೆ, ಮಕ್ಕಳ ಓದು, ಮರುದಿನದ ತಯಾರಿ.

ಆದರೆ ನನ್ನ ಪ್ರಶ್ನೆ ವಾರದ ದಿನಗಳ ಬಗ್ಗೆ ಅಲ್ಲ, ಭಾನುವಾರದ ಬಗ್ಗೆ. ಬಲಿಪೂಜೆಗೆ ಮುಂಚೆ ಗಾಯನವೃಂದದ ಅಭ್ಯಾಸ, ಪೂಜೆಯಾದ ಮೇಲೆ ಮಕ್ಕಳಿಗೆ ಧರ್ಮೋಪದೇಶ, ಅದು ಮುಗಿಯುತ್ತಿದ್ದಂತೆ ಮಹಿಳಾ ಸಂಘದ ಸಭೆ ಅಥವಾ ಕಾಯಿಲೆಯವರ ಭೇಟಿ, ಅದಾದ ಮೇಲೆ ಸಂತೆ. ಪಾಸ್ಖ ಹಬ್ಬಕ್ಕೆ (ಈಸ್ಟರ್) ಮುಂಚಿನ ತಪಸ್ಸು ಕಾಲ ಬಂದರೆ ಶಿಲುಬೆಯ ಹಾದಿಯ ಪ್ರಾರ್ಥನೆಯ ಹೊಣೆಯೂ ಸೇರಿಕೊಳ್ಳುತ್ತದೆ. ಇವೆಲ್ಲವೂ ನಾನು ಇಷ್ಟಪಟ್ಟು ಒಪ್ಪಿಕೊಂಡ ಸೇವೆಗಳೇ. ಆದರೂ ಈಚೆಗೆ, ಪೀಠದ ಮುಂದೆ ಮಂಡಿಯೂರಿದಾಗ ದೇವರ ನೆನಪಿಗಿಂತ ಮೊದಲು ನಿದ್ರೆಯ ನೆನಪಾಗುತ್ತದೆ. ಒಂದು ಪ್ರಾರ್ಥನಾ ಕೂಟದಲ್ಲಿ, ದೇವರ ಕೆಲಸದಲ್ಲಿ ದಣಿವೆಂದು ಹೇಳುವುದೇ ವಿಶ್ವಾಸದ ಕೊರತೆ ಎಂದು ಬೋಧಿಸಿದ್ದನ್ನು ಕೇಳಿದ ಮೇಲೆ ನನ್ನ ಗೊಂದಲ ಹೆಚ್ಚಾಗಿದೆ. ದುಡಿಯಲೊಲ್ಲದವನು ಉಣ್ಣಲೂ ಬಾರದು ಎಂದು ಸಂತ ಪೌಲರು ಥೆಸಲೋನಿಕದವರಿಗೆ ಬರೆದಿರುವುದೂ ನೆನಪಾಗುತ್ತದೆ.

ವಿಶ್ರಾಂತಿಗೆ ತನ್ನದೇ ಆದ ಆಧ್ಯಾತ್ಮಿಕ ಬೆಲೆ ಇದೆಯೇ, ಅಥವಾ ಮುಂದಿನ ಕೆಲಸಕ್ಕೆ ಮೈಯನ್ನು ಅಣಿಗೊಳಿಸುವುದಷ್ಟೇ ಅದರ ಪ್ರಯೋಜನವೇ? ಬೆಲೆ ಇದೆಯೆಂದಾದರೆ ನಮ್ಮಂಥ ಮನೆಗಳಲ್ಲಿ ಅದಕ್ಕೆ ಜಾಗ ಎಲ್ಲಿದೆ? ಬೆಳಿಗ್ಗೆ ಇನ್ನೂ ಬೇಗ ಎದ್ದು ಸಮಯ ಹೊಂದಿಸಿಕೊಳ್ಳಿ ಎಂಬ ಸಲಹೆಯನ್ನು ಮಾತ್ರ ದಯವಿಟ್ಟು ಕೊಡಬೇಡಿ. ಹೊಂದಿಸಲು ನನ್ನ ಬಳಿ ಏನೂ ಉಳಿದಿಲ್ಲ.

ನಿವೃತ್ತ ಸಭಾಪಾಲಕ, ಮಡಿಕೇರಿ:

ಕರ್ತನ ನಾಮದಲ್ಲಿ ವಂದನೆಗಳು, ತಾಯಿ. ನಾನು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಸೇವೆ ಮಾಡಿ ನಿವೃತ್ತನಾದವನು. ನಿಮ್ಮ ಕಥೋಲಿಕ ಸಂಪ್ರದಾಯದ ಕ್ರಮಗಳ ಬಗ್ಗೆ ಬೇರೆಯವರು ಹೇಳಲಿ, ನಾನು ವೇದಪುಸ್ತಕದ ಮಟ್ಟಿಗೆ ಉತ್ತರಿಸುತ್ತೇನೆ.

ನಿಮ್ಮನ್ನು ಕಾಡುತ್ತಿರುವುದು ಮೈಗಳ್ಳತನದ ಭಯ. ಆದ್ದರಿಂದ ಮೊದಲು ವಿಮೋಚನಾಕಾಂಡದ 5ನೆಯ ಅಧ್ಯಾಯವನ್ನು ತೆರೆದು ನೋಡಿ. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಇಸ್ರಾಯೇಲರು ಅಲ್ಲಿನ ಅರಸ ಫರೋಹನ ಬಳಿ, ಅರಣ್ಯಕ್ಕೆ ಹೋಗಿ ನಮ್ಮ ದೇವರನ್ನು ಆರಾಧಿಸಲು ಬಿಡುವು ಕೊಡು ಎಂದು ಬೇಡಿಕೊಂಡಾಗ ಅವನು ಕೊಟ್ಟ ಉತ್ತರವೇನು? ನೀವು ಮೈಗಳ್ಳರು, ಆದುದರಿಂದಲೇ ಆರಾಧನೆಯ ಮಾತೆತ್ತುತ್ತೀರಿ ಎಂದ. ಅಷ್ಟಕ್ಕೇ ಬಿಡದೆ, ಇಟ್ಟಿಗೆಗೆ ಬೇಕಾದ ಹುಲ್ಲನ್ನು ಕೊಡುವುದನ್ನು ನಿಲ್ಲಿಸಿ, ಇಟ್ಟಿಗೆಗಳ ಲೆಕ್ಕದಲ್ಲಿ ಮಾತ್ರ ಒಂದನ್ನೂ ಕಡಿಮೆ ಮಾಡಬಾರದೆಂದು ಅಪ್ಪಣೆ ಮಾಡಿದ. ದುಡಿದು ದಣಿದವನು ದೇವರ ಸನ್ನಿಧಿಯಲ್ಲಿ ನಿಲ್ಲಲು ಬಿಡುವು ಕೇಳಿದಾಗ ಅವನನ್ನು ಮೈಗಳ್ಳನೆಂದು ಕರೆದವನು ಫರೋಹ, ಇಸ್ರಾಯೇಲರ ದೇವರಲ್ಲ. ನಿಮ್ಮ ಕಿವಿಯಲ್ಲಿ ಮೈಗಳ್ಳಿ ಎಂಬ ಮಾತು ಕೇಳಿಸಿದಾಗ ಅದು ಯಾರ ದನಿಯೆಂದು ಗುರುತಿಸಿಕೊಳ್ಳಬೇಕು.

ಪೌಲನ ಮಾತು ಬೇರೆ ಸಂದರ್ಭದ್ದು. ತಾವು ಕೆಲಸ ಮಾಡದೆ ಇತರರ ಮನೆಯ ಅನ್ನದಲ್ಲಿ ಕಾಲ ಕಳೆಯುತ್ತಿದ್ದವರನ್ನು ಅವನು ಗದರಿಸುತ್ತಾನೆ. ಮೂವರ ಕೆಲಸವನ್ನು ಒಬ್ಬಳೇ ಹೊತ್ತವಳಿಗೆ ಅದನ್ನು ಅನ್ವಯಿಸುವುದು ವಾಕ್ಯಕ್ಕೆ ಮಾಡುವ ಅನ್ಯಾಯ.

ವಿಶ್ರಾಂತಿಗೆ ತನ್ನದೇ ಬೆಲೆ ಇದೆಯೇ ಎಂಬ ಪ್ರಶ್ನೆಗೆ ಬರೋಣ. ದೇವರು ಏಳನೆಯ ದಿನ ತನ್ನ ಕೆಲಸವನ್ನು ನಿಲ್ಲಿಸಿ ವಿಶ್ರಮಿಸಿಕೊಂಡನು, ಆ ದಿನವನ್ನು ಪರಿಶುದ್ಧಗೊಳಿಸಿದನು ಎಂದು ಆದಿಕಾಂಡ ಹೇಳುತ್ತದೆ. ಆತನಿಗೆ ದಣಿವಿಲ್ಲ, ಬಳಲಿಕೆಯಿಲ್ಲ ಎಂದು ಯೆಶಾಯನು 40ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ದಣಿಯದವನು ಏಕೆ ವಿಶ್ರಮಿಸಿದನು? ಕಳೆದುಕೊಂಡ ಶಕ್ತಿಯನ್ನು ತುಂಬಿಕೊಳ್ಳುವುದಷ್ಟೇ ವಿಶ್ರಾಂತಿಯಾಗಿದ್ದರೆ ದೇವರಿಗೆ ಅದರ ಅಗತ್ಯವೇ ಇರಲಿಲ್ಲ. ಮಾಡಿದ್ದು ಒಳ್ಳೆಯದೆಂದು ಕಂಡು, ಇನ್ನೊಂದನ್ನು ಸೇರಿಸದೆ, ಅದರ ಸಂತೋಷದಲ್ಲಿ ನೆಲೆಸಿದನು. ನಾವು ಕರೆಯಲ್ಪಟ್ಟಿರುವುದು ಆ ಸಂತೋಷದಲ್ಲಿ ಪಾಲುಗೊಳ್ಳಲು. ದೇವಜನರಿಗೆ ಸಬ್ಬತ್ತಿನ, ಎಂದರೆ ಏಳನೆಯ ದಿನದ, ವಿಶ್ರಾಂತಿ ಇನ್ನೂ ಉಳಿದಿದೆ ಎಂದು ಇಬ್ರಿಯರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯ ಹೇಳುವಾಗಲೂ ಇದೇ ಅಭಿಪ್ರಾಯ.

ಇದಕ್ಕೆ ಇನ್ನೊಂದು ಮುಖವಿದೆ, ಅದು ನಂಬಿಕೆಯ ಮುಖ. ಸೀನಾಯಿ ಬೆಟ್ಟದ ಆಜ್ಞೆಗಳು ಬರುವುದಕ್ಕೂ ಮುಂಚೆ, ಅರಣ್ಯದಲ್ಲಿ ದೇವರು ಕೊಟ್ಟ ಆಹಾರವಾದ ಮನ್ನದ ಅಧ್ಯಾಯದಲ್ಲಿ, ಇಸ್ರಾಯೇಲರು ಸಬ್ಬತ್ತನ್ನು ಹೊಟ್ಟೆಯ ಮೂಲಕ ಕಲಿತರು. ದಿನದಿನಕ್ಕೆ ಬೇಕಾದಷ್ಟನ್ನೇ ಕೂಡಿಸಿಕೊಳ್ಳಬೇಕು. ಮರುದಿನಕ್ಕೆಂದು ಇಟ್ಟದ್ದು ಹುಳ ಬಿದ್ದು ನಾರುತ್ತಿತ್ತು. ಆರನೆಯ ದಿನ ಮಾತ್ರ ಎರಡರಷ್ಟು ಸಿಕ್ಕಿತು, ಅದು ಕೆಡಲಿಲ್ಲ. ಆದರೂ ಕೆಲವರು ಏಳನೆಯ ದಿನ ಬುಟ್ಟಿ ಹಿಡಿದು ಹೊರಟರು, ಅವರಿಗೆ ಏನೂ ಸಿಗಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದವರಿಗೂ ಒಂದು ದಿನ ಕೈ ಕಟ್ಟಿ ಕುಳಿತರೆ ಅನ್ನ ತಪ್ಪೀತೆಂಬ ಹೆದರಿಕೆ ಹೋಗಿರಲಿಲ್ಲ. ಆ ಹೆದರಿಕೆ ನಮಗೂ ಇದೆ. ನಾನು ಇಂದು ಬಿಟ್ಟರೆ ಎಲ್ಲವೂ ನಿಂತುಹೋಗುತ್ತದೆ ಎಂದು ನಾವು ಸಭೆಯ ಕೆಲಸದಲ್ಲಿಯೂ ಅಂದುಕೊಳ್ಳುತ್ತೇವೆ. ಮನೆ ಕಟ್ಟುವವನು ಯೆಹೋವನೇ ಹೊರತು ನಾವಲ್ಲ ಎಂದು 127ನೆಯ ಕೀರ್ತನೆಯನ್ನು ಹಾಡುವುದು ಸುಲಭ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಮಲಗುವವನೇ ಅದನ್ನು ನಂಬಿದವನು.

ಕೊನೆಯದಾಗಿ ಪ್ರವಾದಿ ಎಲೀಯನನ್ನು ನೆನೆಯಿರಿ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಕಂಡವನು ಜಾಲಿಗಿಡದ ಕೆಳಗೆ ಕುಳಿತು ನನಗೆ ಸಾವು ಬರಲಿ ಎಂದು ಬೇಡಿದನು. ಬಂದ ದೇವದೂತನು ಅವನ ವಿಶ್ವಾಸದ ಕೊರತೆಯ ಬಗ್ಗೆ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎದ್ದು ತಿನ್ನು ಎಂದನು. ಅವನು ತಿಂದು ಮತ್ತೆ ಮಲಗಿದನು. ದೂತನು ಎರಡನೆಯ ಸಾರಿ ಬಂದು ಮತ್ತೆ ಉಣಿಸಿದನು. ಹೋರೇಬ್ ಬೆಟ್ಟದಲ್ಲಿ ದೇವರ ದರ್ಶನವಾದದ್ದು ಅದಾದ ಮೇಲೆ. ದಣಿದ ಸೇವಕನಿಗೆ ದೇವರು ಮೊದಲು ಕೊಟ್ಟದ್ದು ನಿದ್ರೆಯನ್ನು.

ಪಾಲಿಬೆಟ್ಟದ ಬೆಳೆಗಾರ:

ಟೀಚರ್ ಅವರಿಗೂ ಅಯ್ಯನವರಿಗೂ ನಮಸ್ಕಾರ. ಅಯ್ಯನವರ ಮಾತು ಮನಸ್ಸಿಗೆ ಹಿಡಿಸಿತು. ಆದರೆ ತೋಟದವನಾಗಿ ನಾನು ಒಂದು ಕಷ್ಟವನ್ನು ಹೇಳಲೇಬೇಕು: ಹಣ್ಣು ನಮ್ಮ ವಾರವನ್ನು ಕೇಳಿ ಮಾಗುವುದಿಲ್ಲ. ಕೊಯ್ದ ಹಣ್ಣನ್ನು ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಬಿಟ್ಟರೆ ಒಳಗೆ ಬಿಸಿಯೇರಿ ಹುಳಿ ವಾಸನೆ ಬರಲು ತೊಡಗುತ್ತದೆ. ಪಲ್ಪರಿಗೆ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಹಾಕಬೇಕಾದದ್ದನ್ನು ಅದೇ ದಿನ ಹಾಕಬೇಕು. ಕಣದಲ್ಲಿ ಹರವಿದ ಚೆರಿಯನ್ನು (ಸಿಪ್ಪೆಸಹಿತ ಒಣಗಿಸುವ ಹಣ್ಣು) ಬಿಸಿಲಿರುವಷ್ಟು ಹೊತ್ತೂ ಮತ್ತೆ ಮತ್ತೆ ಎಳೆದು ಮಗುಚುತ್ತಿರಬೇಕು. ಇಲ್ಲದಿದ್ದರೆ ಮೇಲ್ಪದರ ಕಪ್ಪಾಗಿ ಒಣಗಿದಂತೆ ಕಂಡರೂ ಅಡಿಯ ಕಾಯಿಗಳು ಒಂದಕ್ಕೊಂದು ಅಂಟಿಕೊಂಡು ಬೂಷ್ಟು ಹಿಡಿದಿರುತ್ತವೆ. ಸಂಜೆ ಇಬ್ಬನಿ ಬೀಳುವ ಮೊದಲು ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಬೇಕು. ಜನವರಿಯಲ್ಲಿ ಅಕಾಲದ ಮೋಡ ಕವಿದರಂತೂ ಯಾರೂ ದೇವಾಲಯದಲ್ಲಿ ನೆಮ್ಮದಿಯಿಂದ ಕುಳಿತಿರುವುದಿಲ್ಲ. ಪ್ರಸಂಗದ ನಡುವೆ ಗಂಡಸರೆಲ್ಲ ಕಿಟಕಿಯ ಕಡೆ ನೋಡುವುದನ್ನು ಗುರುಗಳೂ ಕಂಡಿದ್ದಾರೆ.

ಈ ಕಷ್ಟ ಇಂದಿನದಲ್ಲ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಭಾನುವಾರದ ವಿಶ್ರಾಂತಿಯನ್ನು ಶಾಸನ ಮಾಡಿದಾಗ ನ್ಯಾಯಾಧೀಶರು, ಪಟ್ಟಣವಾಸಿಗಳು ಮತ್ತು ಕಸುಬುದಾರರಿಗೆ ಕೆಲಸ ನಿಲ್ಲಿಸುವಂತೆ ಹೇಳಿದ. ಹಳ್ಳಿಯ ಬೇಸಾಯಗಾರರಿಗೆ ಮಾತ್ರ ವಿನಾಯಿತಿ ಕೊಟ್ಟ. ಬಿತ್ತನೆಗೂ ದ್ರಾಕ್ಷಿ ನೆಡುವುದಕ್ಕೂ ತಕ್ಕ ಹವೆ ಇನ್ನೊಂದು ದಿನ ಬರಲಾರದು ಎಂಬುದೇ ಅದಕ್ಕೆ ಕೊಟ್ಟ ಕಾರಣ. ಯೇಸುಸ್ವಾಮಿಯವರೂ ಸಬ್ಬತ್ ದಿನದಲ್ಲಿ ಬಾವಿಗೆ ಬಿದ್ದ ಎತ್ತನ್ನು ಮೇಲೆತ್ತದವರು ಯಾರು ಎಂದು ಕೇಳಿದರು. ಹೀಗಿರುವಾಗ ಬೇಸಾಯಗಾರನ ಮೇಲೆ ಪಟ್ಟಣದವರ ಭಾನುವಾರವನ್ನು ಹೇರಬಾರದೆಂದು ನನಗೆ ಅನ್ನಿಸುತ್ತದೆ.

ಕೂಲಿಯವರ ವಿಷಯವೂ ಇದೆ. ಕೊಯ್ಲಿನಲ್ಲಿ ಕೆ.ಜಿ. ಲೆಕ್ಕದ ಕೂಲಿ. ದೂರದ ಅಸ್ಸಾಮಿನಿಂದ ಬಂದವರು, ನಾಲ್ಕು ಕಾಸು ಹೆಚ್ಚು ಸಂಪಾದಿಸಿ ಊರಿಗೆ ಕಳುಹಿಸಬೇಕೆಂದು ಭಾನುವಾರವೂ ಕೆಲಸ ಕೊಡಿ ಎಂದು ತಾವಾಗಿಯೇ ಕೇಳುತ್ತಾರೆ. 1951ರ ತೋಟ ಕಾರ್ಮಿಕರ ಕಾಯ್ದೆ ವಾರಕ್ಕೊಂದು ವಿಶ್ರಾಂತಿಯ ದಿನಕ್ಕೆ ಅವಕಾಶ ಕಲ್ಪಿಸಿದಾಗಲೂ, ಕಾರ್ಮಿಕನು ಒಪ್ಪಿದರೆ ಆ ದಿನ ದುಡಿಯಬಹುದು, ಆದರೆ ಒಂದು ಪೂರ್ತಿ ರಜೆಯಿಲ್ಲದೆ ಸತತವಾಗಿ ಹತ್ತು ದಿನಕ್ಕಿಂತ ಹೆಚ್ಚು ದುಡಿಯಬಾರದು ಎಂದಿತ್ತು. ಕಾಯ್ದೆ ಮಾಡಿದವರಿಗೂ ಬೆಳೆಯ ಒತ್ತಡ ಗೊತ್ತಿತ್ತು.

ನಿವೃತ್ತ ಸಭಾಪಾಲಕ, ಮಡಿಕೇರಿ:

ಕಾನ್‌ಸ್ಟಂಟೈನನ ಶಾಸನದ ಪಕ್ಕದಲ್ಲಿ ವಿಮೋಚನಾಕಾಂಡ 34ನೆಯ ಅಧ್ಯಾಯದ 21ನೆಯ ವಚನವನ್ನೂ ಇಟ್ಟು ನೋಡಬೇಕೆಂದು ಬೆಳೆಗಾರ ಸಹೋದರರಲ್ಲಿ ವಿನಂತಿ. ಉಳುವ ಕಾಲದಲ್ಲಿಯೂ ಕೊಯ್ಯುವ ಕಾಲದಲ್ಲಿಯೂ ಏಳನೆಯ ದಿನ ಕೆಲಸ ಬಿಡಬೇಕೆಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಚಕ್ರವರ್ತಿ ಯಾರಿಗೆ ವಿನಾಯಿತಿ ಕೊಟ್ಟನೋ ಅವರನ್ನೇ ಆ ವಚನ ಹೆಸರಿಸುತ್ತದೆ. ಬಿಡುವಿರುವ ಕಾಲದಲ್ಲಿ ಬಿಡುವು ಪಡೆಯಲು ಆಜ್ಞೆಯ ಅಗತ್ಯವಿರಲಿಲ್ಲ. ಬಾವಿಗೆ ಬಿದ್ದ ಎತ್ತು ನಿಜವಾದ ತುರ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಡೀ ಕೊಯ್ಲಿನ ಕಾಲವನ್ನೇ ತುರ್ತು ಎಂದು ಕರೆದರೆ ಆಜ್ಞೆಗೆ ಉಳಿಯುವ ಜಾಗ ಯಾವುದು?

ಪಾಲಿಬೆಟ್ಟದ ಬೆಳೆಗಾರ:

ಆ ವಚನ ಎಲ್ಲಕ್ಕಿಂತ ತೂಕದ್ದೆಂದು ಒಪ್ಪುತ್ತೇನೆ, ಅಯ್ಯನವರೇ. ನಮ್ಮ ತೋಟದಲ್ಲಿ ತಂದೆಯವರ ಕಾಲದಿಂದ ನಡೆದುಬಂದಿರುವ ಕ್ರಮವನ್ನು ಟೀಚರ್ ಅವರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಭಾನುವಾರ ಗಿಡದಿಂದ ಒಂದು ಹಣ್ಣನ್ನೂ ಕೊಯ್ಯುವುದಿಲ್ಲ. ಗಿಡದಲ್ಲಿರುವ ರೊಬಸ್ಟಾ ಹಣ್ಣು ಒಂದು ದಿನ ಕಾದರೆ ಹಾಳಾಗುವುದಿಲ್ಲ. ಕೊಯ್ದದ್ದು ಮಾತ್ರ ಕಾಯಲಾರದು. ಆದ್ದರಿಂದ ಶನಿವಾರ ಮಧ್ಯಾಹ್ನವೇ ಕೊಯ್ಲು ನಿಲ್ಲಿಸಿ, ಸಂಜೆಯೊಳಗೆ ಪಲ್ಪರ್ ತೊಳೆದು, ಲೆಕ್ಕ ಮುಗಿಸಿ ಬಟವಾಡೆ ಮಾಡುತ್ತೇವೆ. ಭಾನುವಾರ ಉಳಿಯುವುದು ಈಗಾಗಲೇ ಕಣದಲ್ಲಿರುವುದನ್ನು ಮಗುಚುವ ಕೆಲಸ ಮಾತ್ರ. ಅದನ್ನು ಮನೆಯ ಗಂಡಸರು ಸರದಿಯಲ್ಲಿ ನೋಡಿಕೊಳ್ಳುತ್ತೇವೆ, ಕೂಲಿಯವರನ್ನು ಕರೆಯುವುದಿಲ್ಲ. ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟು ಸ್ಪ್ರಿಂಕ್ಲರ್ ಹಾಕಬೇಕಾದ ವಾರಗಳಲ್ಲಿ ಈ ಕ್ರಮ ನಡೆಯುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆ ವಾರಗಳಲ್ಲಿ ಪಂಪಿನ ಬಳಿ ನಿಂತವರಿಗೆ ಬೇರೊಂದು ದಿನ ಸಂಬಳಸಹಿತ ರಜೆ ಕೊಡುತ್ತೇವೆ.

ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ನೆರೆಯ ಕೊಡವ ಮನೆಗಳಲ್ಲಿ ಕೋವಿ, ಕತ್ತಿ, ನೇಗಿಲು ಎಲ್ಲವನ್ನೂ ತೊಳೆದು ಪೂಜೆಗೆ ಇಡುತ್ತಾರೆ, ಎತ್ತುಗಳಿಗೂ ಆ ದಿನ ನೊಗವಿಲ್ಲ. ಉಪಕರಣಕ್ಕೂ ದನಕ್ಕೂ ಒಂದು ದಿನ ಸಲ್ಲಬೇಕೆಂಬ ಅರಿವು ಈ ಮಣ್ಣಿನಲ್ಲಿ ಇದೆ. ನಾವು ವಾರಕ್ಕೊಮ್ಮೆ ಅದನ್ನು ಆಚರಿಸಬೇಕಾದವರು.

ವಿರಾಜಪೇಟೆಯ ಗೃಹಿಣಿ:

ತಂಗಿ, ನಿಮ್ಮ ಪ್ರಶ್ನೆಯನ್ನು ಓದಿ ಉತ್ತರಗಳನ್ನೂ ಓದಿದೆ. ಹಿರಿಯರು ಹೇಳಿದ್ದೆಲ್ಲವೂ ಸರಿ. ಆದರೆ ಕಣದ ಬಗ್ಗೆ ಇಷ್ಟು ಮಾತಾಯಿತು, ಒಲೆಯ ಬಗ್ಗೆ ಯಾರೂ ಮಾತನಾಡಲಿಲ್ಲ.

ನಮ್ಮ ಕಡೆಯ ಕ್ರೈಸ್ತ ಮನೆಗಳಲ್ಲಿ ಭಾನುವಾರದ ವಿಶ್ರಾಂತಿ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತಿದೆ. ಪೂಜೆಗೆ ಹೊರಡುವ ಮೊದಲೇ ಹೆಂಗಸು ಕೊತ್ತಂಬರಿ, ಮೆಣಸು ಹುರಿದು ಅರೆದಿಟ್ಟಿರಬೇಕು, ಅಕ್ಕಿತರಿ ತೊಳೆದು ಕಡಂಬುಟ್ಟಿಗೆ (ಹಬೆಯಲ್ಲಿ ಬೇಯಿಸುವ ಉಂಡೆ) ಅಣಿ ಮಾಡಿರಬೇಕು. ಪೂಜೆಯಿಂದ ಬಂದು ಸೀರೆ ಬದಲಾಯಿಸುವ ಮೊದಲು ಮಾಂಸವನ್ನು ಒಲೆಯ ಮೇಲಿಡಬೇಕು. ಉಳಿದ ದಿನಗಳಲ್ಲಿ ಅನ್ನ, ಸಾರು, ಪಲ್ಯದಲ್ಲಿ ಮುಗಿಯುವ ಅಡುಗೆಗೆ ಆ ದಿನ ಮೂರು ಪಟ್ಟು ಪಾತ್ರೆ. ಊಟವಾದ ಮೇಲೆ ಎಲ್ಲರೂ ಮಲಗುತ್ತಾರೆ. ಆ ಹೊತ್ತಿನಲ್ಲಿ ಹಿತ್ತಿಲಿನಲ್ಲಿ ಬೂದಿ ಹಾಕಿ ಎಣ್ಣೆ ಜಿಡ್ಡಿನ ಪಾತ್ರೆಗಳನ್ನು ಉಜ್ಜುತ್ತಿರುವವಳು ಯಾರು? ನಮ್ಮ ಊರಿನ ಸಂತ ಅನ್ನಮ್ಮನವರ ದೇವಾಲಯ 1792ರಷ್ಟು ಹಳೆಯದು. ಅಂದಿನಿಂದ ಎಷ್ಟು ತಲೆಮಾರಿನ ಹೆಂಗಸರು ಅಲ್ಲಿ ಭಾನುವಾರದ ಪೂಜೆ ಕಂಡು ಮನೆಗೆ ಹಿಂದಿರುಗಿದ್ದಾರೆ. ಅವರಲ್ಲಿ ಎಷ್ಟು ಮಂದಿ ಮನೆಗೆ ಹೋಗಿ ಕುಳಿತಿದ್ದಾರು?

ದಶಾಜ್ಞೆಗಳಲ್ಲಿ ಸಬ್ಬತ್ತಿನ ಆಜ್ಞೆ ಯಾರು ಯಾರು ವಿಶ್ರಮಿಸಬೇಕೆಂದು ಒಬ್ಬೊಬ್ಬರನ್ನಾಗಿ ಹೇಳುತ್ತದೆ: ನೀನು, ನಿನ್ನ ಗಂಡುಮಕ್ಕಳು, ಹೆಣ್ಣುಮಕ್ಕಳು, ಆಳುಗಳು, ದಾಸಿಯರು, ದನಕರುಗಳು, ನಿನ್ನ ಊರಲ್ಲಿರುವ ಪರದೇಶಸ್ಥರು. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯ ಅದಕ್ಕೆ ಕಾರಣವನ್ನೂ ಕೊಡುತ್ತದೆ: ನೀನು ಈಜಿಪ್ಟಿನಲ್ಲಿ ಗುಲಾಮನಾಗಿದ್ದೆ ಎಂಬುದನ್ನು ನೆನಪಿನಲ್ಲಿಟ್ಟುಕೋ, ನಿನ್ನ ಹಾಗೆಯೇ ನಿನ್ನ ಆಳುಗಳೂ ವಿಶ್ರಮಿಸಲಿ. ಮನೆಯ ಯಜಮಾನನ ನಿದ್ರೆಯಿಂದ ಈ ಆಜ್ಞೆ ನೆರವೇರುವುದಿಲ್ಲ. ಅವನ ಕೆಳಗಿರುವ ಕಡೆಯವಳು ಕುಳಿತಾಗ ಮಾತ್ರ ನೆರವೇರುತ್ತದೆ. ನಮ್ಮ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 1247ನೆಯ ನಿಯಮವೂ ಭಾನುವಾರಕ್ಕೆ ಎರಡು ಕರ್ತವ್ಯಗಳನ್ನು ಹೇಳುತ್ತದೆ: ಬಲಿಪೂಜೆಯಲ್ಲಿ ಪಾಲ್ಗೊಳ್ಳುವುದು, ಆರಾಧನೆಗೂ ಆ ದಿನದ ಸಂತೋಷಕ್ಕೂ ಮೈಮನಸ್ಸುಗಳ ವಿಶ್ರಾಂತಿಗೂ ಅಡ್ಡಿಯಾಗುವ ಕೆಲಸಗಳನ್ನು ಬಿಡುವುದು. ಪೂಜೆ ತಪ್ಪಿಸಿದರೆ ಪಾಪನಿವೇದನೆ ಮಾಡುತ್ತೇವೆ. ಎರಡನೆಯದನ್ನು ತಪ್ಪಿಸಿದ್ದಕ್ಕೆ ಯಾರಾದರೂ ಮಾಡಿದ್ದಾರೆಯೇ? ಇತರರ ಭಾನುವಾರವನ್ನು ಕಸಿದುಕೊಳ್ಳುವಂಥ ಅನಗತ್ಯ ಬೇಡಿಕೆಗಳನ್ನು ಅವರ ಮೇಲೆ ಹೇರಬಾರದು ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ 2187ನೆಯ ಪರಿಚ್ಛೇದದಲ್ಲಿ ಹೇಳುತ್ತದೆ. ಈ ಮಾತು ತೋಟದ ಮಾಲೀಕರಿಗೆ ಅನ್ವಯಿಸುವಷ್ಟೇ ಭಾನುವಾರ ಮೂರು ಬಗೆಯ ಅಡುಗೆ ಕೇಳುವ ಗಂಡನಿಗೂ, ಪೂಜೆಯ ಬೆನ್ನಿಗೇ ಸಭೆ ಕರೆಯುವ ಸಂಘಗಳಿಗೂ ಅನ್ವಯಿಸುತ್ತದೆ.

ತೋಟದ ಕೂಲಿಯವರು ವಾಸಿಸುವ ಲೈನ್ ಮನೆಗಳ ಹೆಂಗಸರ ಬಗ್ಗೆಯೂ ಒಂದು ಮಾತು. ಬೆಳೆಗಾರ ಅಣ್ಣನವರ ತೋಟದ ಕ್ರಮವನ್ನು ಓದಿ ಸಂತೋಷವಾಯಿತು. ಆದರೆ ಆ ಹೆಂಗಸರಿಗೆ ಭಾನುವಾರವೆಂದರೆ ವಾರದ ಬಟ್ಟೆ, ಸೌದೆ, ಸಂತೆ. ಕೊಯ್ಲು ನಿಂತರೂ ಅವರ ಕೈ ನಿಲ್ಲುವುದಿಲ್ಲ. 19ನೆಯ ಶತಮಾನದ ಮಧ್ಯದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅಮ್ಮತ್ತಿಯ ಬಳಿ ಆನಂದಪುರದಲ್ಲಿ ಸಭೆಯೊಂದನ್ನು ನೆಲೆಗೊಳಿಸಿದಾಗ ಅಲ್ಲಿ ಸೇರಿದವರಲ್ಲಿ ಅನ್ಯರ ಗದ್ದೆಗಳಲ್ಲಿ ಜೀತದಂತೆ ದುಡಿಯುತ್ತಿದ್ದ ಕುಟುಂಬಗಳಿದ್ದವು. ಏಳನೆಯ ದಿನ ನೀನು ಯಾರ ಕೆಲಸಕ್ಕೂ ಹೋಗಬೇಕಾಗಿಲ್ಲ ಎಂಬ ಮಾತು ಅವರ ಕಿವಿಗೆ ಎಂಥ ಸುವಾರ್ತೆಯಾಗಿ ಕೇಳಿಸಿರಬೇಕು. ಕೊಡಗಿನ ಕ್ರೈಸ್ತರಿಗೆ ವಿಶ್ರಾಂತಿಯ ವಿಚಾರ ಹಾಗೆ ದುಡಿಯುವವರಿಂದ ಬಂದದ್ದು ಎಂಬುದನ್ನು ನಾವು ಮರೆಯಬಾರದು.

ಮನೆಗೆ ಬಂದ ಯೇಸುಸ್ವಾಮಿಯವರ ಉಪಚಾರದಲ್ಲೇ ಮುಳುಗಿದ್ದ ಮಾರ್ಥಳ ಕಥೆಯನ್ನು ನಮಗೆ ಬೈಯಲು ಬಳಸುವವರು ಬಹಳ. ಅವಳು ಅನೇಕ ವಿಷಯಗಳ ಬಗ್ಗೆ ಕಳವಳಪಡುತ್ತಿದ್ದಾಳೆ ಎಂದು ಯೇಸುಸ್ವಾಮಿಯವರು ಮರುಕದಿಂದ ಹೇಳಿದರು, ಹೆಸರನ್ನು ಎರಡು ಸಾರಿ ಕರೆದು ಹೇಳಿದರು. ಅದನ್ನು ಕೇಳಿದ ಮೇಲೂ ನಾವು ಹಬ್ಬದಡುಗೆಯನ್ನೇ ನಿರೀಕ್ಷಿಸಿದರೆ ಅವಳು ಕೂರುವುದು ಎಲ್ಲಿಂದ ಬಂತು? ನಮ್ಮ ಮನೆಯಲ್ಲಿ ಈಗ ಭಾನುವಾರಕ್ಕೆ ಒಂದೇ ಬಗೆ. ಸಾರನ್ನು ಶನಿವಾರ ರಾತ್ರಿಯೇ ಮಾಡಿಡುತ್ತೇನೆ, ಬೆಳಿಗ್ಗೆ ಅನ್ನ ಮಾತ್ರ. ಪಾತ್ರೆ ತೊಳೆಯುವುದು ಗಂಡುಮಕ್ಕಳ ಕೆಲಸ. ಮೊದಮೊದಲು ಅತ್ತೆಯವರಿಗೆ ಇದು ಸರಿ ಕಾಣಲಿಲ್ಲ. ಈಗ ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೆ ಜಪಸರ ಹೇಳಿ ಮಲಗುತ್ತೇವೆ.

ರಾತ್ರಿಪಾಳಿಯ ನರ್ಸ್, ಕುಶಾಲನಗರ:

ಆಸ್ಪತ್ರೆಯ ಕೆಲಸದಲ್ಲಿರುವ ನಮ್ಮಂಥವರಿಗೆ ಭಾನುವಾರ ನಿಗದಿಯಾಗಿ ಸಿಗುವುದಿಲ್ಲ. ಶನಿವಾರ ಸಂಜೆಯ ಬಲಿಪೂಜೆಯಿಂದಲೂ ಭಾನುವಾರದ ಕರ್ತವ್ಯ ಪೂರ್ಣವಾಗುತ್ತದೆಂದು ಧರ್ಮಸಭೆ ಅನುಮತಿಸಿರುವುದು ನಮಗೆ ದೊಡ್ಡ ನೆರವು. ನಾನು ಹೇಳಬಯಸುವುದು ನಿದ್ರೆಯ ಬಗ್ಗೆ. ಶಾಂತಿಯಿಂದ ಮಲಗಿ ನಿದ್ರಿಸುತ್ತೇನೆ, ಏಕೆಂದರೆ ನನ್ನನ್ನು ಸುರಕ್ಷಿತವಾಗಿ ಇರಿಸುವವರು ದೇವರೇ ಎಂಬ 4ನೆಯ ಕೀರ್ತನೆಯ ಭಾವವನ್ನು ಪಾಳಿ ಮುಗಿಸಿ ಹಗಲಿನಲ್ಲಿ ಮಲಗುವಾಗ ಪ್ರಾರ್ಥನೆಯಾಗಿ ಹೇಳಿಕೊಳ್ಳುತ್ತೇನೆ. ರೋಗಿಗಳ ಹೆಸರುಗಳನ್ನು ಒಪ್ಪಿಸಿ ಕಣ್ಣು ಮುಚ್ಚುತ್ತೇನೆ. ದೋಣಿಗೆ ನೀರು ನುಗ್ಗುತ್ತಿದ್ದಾಗಲೂ ಯೇಸುಸ್ವಾಮಿಯವರು ದಿಂಬಿಗೆ ತಲೆಯಿಟ್ಟು ನಿದ್ರಿಸುತ್ತಿದ್ದರು. ಮಲಗುವ ಮೊದಲು ಫೋನನ್ನು ಬೇರೆ ಕೋಣೆಯಲ್ಲಿಡಿ, ಅಕ್ಕ. ಧರ್ಮಕೇಂದ್ರದ ವಾಟ್ಸ್ಆ್ಯಪ್ ಗುಂಪುಗಳೂ ರಾತ್ರಿ ಸುಮ್ಮನಿರುವುದಿಲ್ಲ.

ಸಿದ್ದಾಪುರದ ಶಿಕ್ಷಕಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಯ್ಯನವರು ತೋರಿಸಿದ ಫರೋಹನ ಮಾತನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ತಮ್ಮ ಮೇಸ್ತ್ರಿಯವರ ಜೊತೆ ಶನಿವಾರದ ಕ್ರಮದ ಬಗ್ಗೆ ಮಾತನಾಡುವುದಾಗಿ ಹೇಳಿದ್ದಾರೆ. ನಮ್ಮ ಸ್ವಂತ ತೋಟದ ಮಟ್ಟಿಗೆ ಅದು ಸಾಧ್ಯ. ವಿರಾಜಪೇಟೆಯ ಅಕ್ಕ ಹೇಳಿದ ಅಡುಗೆಯ ಕ್ರಮವೂ ಸಾಧ್ಯ.

ಆದರೆ ಒಂದು ಗಂಟು ಬಿಡಿಸಿಲ್ಲ. ಧರ್ಮೋಪದೇಶದ ತರಗತಿಯಲ್ಲಿ ಲೈನ್ ಮನೆಗಳಿಂದ ಬರುವ ಮಕ್ಕಳೇ ಹೆಚ್ಚು. ನಾನು ಬಿಟ್ಟರೆ ಆ ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಡುವವರು ಸದ್ಯಕ್ಕೆ ಬೇರೆ ಯಾರೂ ಇಲ್ಲ. ಯೇಸುಸ್ವಾಮಿಯವರು ಶಿಷ್ಯರನ್ನು ವಿಶ್ರಾಂತಿಗೆಂದು ಕರೆದುಕೊಂಡು ಹೋದಾಗಲೂ ಜನರು ಹಿಂಬಾಲಿಸಿ ಬಂದರು, ಅವರು ಮರುಕಗೊಂಡು ಬೋಧಿಸಿದರು ಎಂದು ಮಾರ್ಕನ 6ನೆಯ ಅಧ್ಯಾಯದಲ್ಲಿ ಓದುತ್ತೇವೆ. ಎದುರಿಗೆ ಜನರಿರುವಾಗ ವಿಶ್ರಾಂತಿಯನ್ನು ಬಿಟ್ಟುಕೊಡುವುದೇ ಪ್ರೀತಿಯಲ್ಲವೇ?

ನಿವೃತ್ತ ಸಭಾಪಾಲಕ, ಮಡಿಕೇರಿ:

ಅದೇ ಅಧ್ಯಾಯವನ್ನು ಮುಂದೆ ಓದಿ, ತಾಯಿ. ಐದು ಸಾವಿರ ಮಂದಿಗೆ ಊಟವಾದ ಕೂಡಲೇ ಆತನು ಶಿಷ್ಯರನ್ನು ಒತ್ತಾಯಮಾಡಿ ದೋಣಿ ಹತ್ತಿಸಿ ಆಚೆ ಕಳುಹಿಸಿದನು. ಜನರ ಗುಂಪನ್ನು ತಾನೇ ಬೀಳ್ಕೊಟ್ಟು ಪ್ರಾರ್ಥನೆಗೆ ಬೆಟ್ಟ ಹತ್ತಿದನು. ಪ್ರೀತಿಯಿಂದ ವಿಶ್ರಾಂತಿಯನ್ನು ಮುಂದೂಡಿದನು, ರದ್ದು ಮಾಡಲಿಲ್ಲ. ಆ ಜನರಲ್ಲಿ ಇನ್ನೂ ಕಾಯಿಲೆಯವರು ಇದ್ದಿರಬಹುದು, ಇನ್ನೂ ಕೇಳಬೇಕೆನ್ನುವವರು ಇದ್ದಿರಬಹುದು. ಆದರೂ ಆತನು ಅವರನ್ನು ಕಳುಹಿಸಿದನು.

ಮೋಶೆಯ ಮಾವನಾದ ಇತ್ರೋನನ ಸಲಹೆಯನ್ನೂ ನೋಡಿ, ವಿಮೋಚನಾಕಾಂಡ 18ನೆಯ ಅಧ್ಯಾಯ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಎಲ್ಲರ ವ್ಯಾಜ್ಯ ಕೇಳುತ್ತಿದ್ದ ಅಳಿಯನಿಗೆ, ನೀನು ಮಾಡುವುದು ಒಳ್ಳೆಯದಲ್ಲ, ನೀನೂ ಬಳಲುತ್ತೀ, ನಿನ್ನ ಜೊತೆಯಲ್ಲಿರುವ ಜನರೂ ಬಳಲುತ್ತಾರೆ ಎಂದನು. ಒಬ್ಬರೇ ಹೊತ್ತ ಸೇವೆಯಿಂದ ಸೇವೆ ಪಡೆಯುವವರಿಗೂ ನಷ್ಟವಿದೆ. ದಣಿದ ಗುರುವಿನಿಂದ ದೇವರ ವಿಷಯ ಕಲಿತ ಮಗು, ದೇವರೆಂದರೆ ದಣಿಸುವವನೆಂದೇ ಕಲಿಯುತ್ತದೆ. ಆರನೆಯ ಶತಮಾನದಲ್ಲಿ ಸನ್ಯಾಸಿಗಳಿಗೆ ನಿಯಮ ಬರೆದ ಸಂತ ಬೆನೆಡಿಕ್ಟನು ಸೋಮಾರಿತನ ಆತ್ಮದ ವೈರಿ ಎಂದು ಆರಂಭಿಸಿದ ಅಧ್ಯಾಯದಲ್ಲಿಯೇ, ಬೇಸಿಗೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಮೌನವಾಗಿ ಹಾಸಿಗೆಯಲ್ಲಿ ವಿಶ್ರಮಿಸಲಿ ಎಂದೂ ಬರೆದನು. ಅಷ್ಟು ಕಟ್ಟುನಿಟ್ಟಿನವನಿಗೆ ಈ ಎರಡರ ನಡುವೆ ವಿರೋಧ ಕಾಣಲಿಲ್ಲ.

ಆದ್ದರಿಂದ ತರಗತಿಯನ್ನು ಬಿಡಬೇಡಿ, ಒಬ್ಬರೇ ಮಾಡುವುದನ್ನು ಬಿಡಿ. ಗಾಯನವೃಂದಕ್ಕೂ ಮಹಿಳಾ ಸಂಘಕ್ಕೂ ಬೇರೆಯವರಿದ್ದಾರೆ. ಆ ಮಕ್ಕಳಿಗೆ ನೀವು ಬೇಕು. ಒಂದನ್ನು ಉಳಿಸಿಕೊಂಡು ಉಳಿದವನ್ನು ಬಿಟ್ಟುಕೊಡುವ ಧೈರ್ಯಕ್ಕಾಗಿ ಪ್ರಾರ್ಥಿಸಿ. ಹಿಂದೆ ಸರಿದಾಗ ಕೆಲವರು ಮಾತನಾಡುತ್ತಾರೆ, ಅದನ್ನು ಸಹಿಸಬೇಕಾಗುತ್ತದೆ.

ವಿರಾಜಪೇಟೆಯ ಗೃಹಿಣಿ:

ಅಯ್ಯನವರು ಹೇಳಿದ್ದಕ್ಕೆ ನನ್ನ ಸಮ್ಮತಿಯಿದೆ. ಗುರುಗಳ ಬಳಿ ಒಬ್ಬರೇ ಹೋಗಬೇಡಿ, ತಂಗಿ. ಸಂಘದಲ್ಲಿ ನಿಮ್ಮಂತೆಯೇ ದಣಿದಿರುವ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಆಗ ಅದು ಒಬ್ಬಳ ದೂರಾಗಿ ಕೇಳಿಸುವುದಿಲ್ಲ. ಮಹಿಳಾ ಸಂಘದ ಸಭೆಯನ್ನು ಭಾನುವಾರದಿಂದ ತೆಗೆದು ತಿಂಗಳಿಗೊಂದು ಶನಿವಾರಕ್ಕೆ ಇಡಬಹುದೇ ಎಂದು ಕೇಳಿ. ಧರ್ಮೋಪದೇಶಕ್ಕೆ, ಕಾಲೇಜಿನಲ್ಲಿ ಓದುತ್ತಿರುವ ಹುಡುಗಿಯರಿಬ್ಬರನ್ನು ಈಗಿನಿಂದಲೇ ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿ. ಜೂನ್ ತಿಂಗಳಲ್ಲಿ ಹೊಸ ತರಗತಿ ಆರಂಭವಾಗುವ ಹೊತ್ತಿಗೆ ಅವರು ಚಿಕ್ಕ ಮಕ್ಕಳನ್ನು ನೋಡಿಕೊಳ್ಳಬಲ್ಲರು. ಗುರುಗಳನ್ನು ಕಾಣುವುದನ್ನು ಪಾಸ್ಖ ಹಬ್ಬದ ಗಡಿಬಿಡಿಗೆ ಮುಂಚೆಯೇ ಮುಗಿಸಿಕೊಳ್ಳಿ. ಪವಿತ್ರ ವಾರದಲ್ಲಿ ಯಾರಿಗೂ ಇದನ್ನು ಕೇಳಿಸಿಕೊಳ್ಳುವ ವ್ಯವಧಾನ ಇರುವುದಿಲ್ಲ.